ನನ್ನ ಕೈಗೆ ಒಗ್ಗಿದ ಕಾರು

ಬೂದಿಕೋಟೆ ಸುತ್ತಮುತ್ತಲ ಹತ್ತು ಹಳ್ಳಿಯಲ್ಲಿ ಯಾರೇ ಹಸು ಕೊಳ್ಳಲಿ, ಮೊದಲು ಫೋನು ಬರುವುದು ನನಗೆ. ಜಂಬಕ್ಕೆ ಹೇಳುತ್ತಿಲ್ಲ. ಹಸುವನ್ನು ನಾಲ್ಕು ಹೆಜ್ಜೆ ನಡೆಸಿ ತೋರಿಸಿದರೆ ಸಾಕು, ಎಷ್ಟು ಲೀಟರು ಕೊಡುತ್ತದೆ, ಒದೆಯುತ್ತದೋ ಇಲ್ಲವೋ, ಮಾರುವವನ ಮಾತಿನಲ್ಲಿ ಸುಳ್ಳೆಷ್ಟು, ಮೂರನ್ನೂ ನಿಂತಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಆರು ಹಸು ಕಟ್ಟಿಕೊಂಡು ಇಪ್ಪತ್ತೈದು ವರ್ಷದಿಂದ ಡೇರಿಗೆ ಹಾಲು ಹಾಕುತ್ತಿರುವ ನಾರಾಯಣಪ್ಪ ಅಂದರೆ ಒಂದು ತೂಕ ಇದೆ. ಹಾಗಾಗಿ ನಲವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ಕಾರು ಕೊಳ್ಳಬೇಕಾಗಿ ಬಂದಾಗ ನನಗೆ ಒಂದಿಷ್ಟೂ ಅಳುಕಾಗಲಿಲ್ಲ. ಉಸಿರಾಡುವ ಪ್ರಾಣಿಯನ್ನೇ ಆರಿಸುವವನಿಗೆ ತಗಡಿನ ಡಬ್ಬಿ ಯಾವ ಲೆಕ್ಕ ಅಂದುಕೊಂಡೆ. ಅಂದುಕೊಳ್ಳುವುದಕ್ಕೆ ಯಾರೂ ಲೈಸೆನ್ಸ್ ಕೇಳುವುದಿಲ್ಲವಲ್ಲ.

ಕಾರು ಬೇಕೇ ಬೇಕಾಗಿದ್ದು ನನ್ನ ಹೆಂಡತಿ ರತ್ನಳ ಒಂದು ಮಾತಿನಿಂದ. ಅವಳ ತಂಗಿ ಸರೋಜಳನ್ನು ಬೇತಮಂಗಲಕ್ಕೆ ಕೊಟ್ಟಿದೆ. ಹೋದ ವರ್ಷ ಅವರ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ ಇತ್ತು. ನಾವಿಬ್ಬರೂ ಬಂಗಾರಪೇಟೆವರೆಗೆ ಮೊಪೆಡ್ಡಿನಲ್ಲಿ ಬಂದು, ಅದನ್ನು ಪರಿಚಯದವರ ಅಂಗಡಿ ಮುಂದೆ ನಿಲ್ಲಿಸಿ, ಎರಡು ಬಸ್ಸು ಬದಲಾಯಿಸಿ ಹೋಗಿದ್ದೆವು. ಊಟ ಮುಗಿದ ಮೇಲೆ ಎಲ್ಲರೂ ಕೆರೆ ಕಡೆಯ ದೇವಸ್ಥಾನಕ್ಕೆ ಹೊರಟರು. ಸರೋಜಳ ಗಂಡ, ಅಂದರೆ ನನ್ನ ಷಡ್ಡಕ ಮಂಜುನಾಥ, ಆಗತಾನೇ ಕಾರು ತೆಗೆದಿದ್ದ. ರತ್ನ ಪೂಜೆ ತಟ್ಟೆ ಹಿಡಿದುಕೊಂಡು ಕಾರಿನ ಹತ್ತಿರ ಹೋದಳು. ಮಂಜುನಾಥ ಗಾಜು ಇಳಿಸಿ, “ಅಕ್ಕಾ, ಸೀಟು ಸಾಲ್ದು. ನಮ್ಮಿಂದೇನೇ ಬಸ್ ಬತ್ತೈತೆ, ಅದ್ರಾಗೆ ಬಂದ್ಬಿಡಿ” ಅಂದ.

ಅವನು ಕೆಟ್ಟವನಲ್ಲ. ಸೀಟು ನಿಜವಾಗಲೂ ಇರಲಿಲ್ಲ. ಆದರೆ ಒಡಹುಟ್ಟಿದ ಅಕ್ಕ ಬಿಸಿಲಲ್ಲಿ ನಿಂತಳು, ಕಾರು ಧೂಳೆಬ್ಬಿಸಿಕೊಂಡು ಹೋಯಿತು, ಆ ಧೂಳು ಬಂದು ತಟ್ಟೆಯಲ್ಲಿದ್ದ ಹೂವಿನ ಮೇಲೆ ಕೂತಿತು. ಬಸ್ಸು ಕೊನೆಗೂ ಬರಲಿಲ್ಲ. ಊರಿಗೆ ವಾಪಸ್ ಬರುವಾಗ ಮೊಪೆಡ್ಡಿನ ಹಿಂದಿನಿಂದ ರತ್ನ ಹೇಳಿದಳು: “ಇನ್ನು ಸರೋಜನ ಮನೆಗೆ ನಾನು ಕಾಲಿಟ್ರೆ ನಮ್ ಸ್ವಂತ ಕಾರಿಂದ ಇಳ್ದು ಕಾಲಿಡ್ತೀನಿ. ಇಲ್ಲ ಅಂದ್ರೆ ಇಲ್ಲ.”

ನಾನು “ಆಯ್ತು ಬಿಡೇ” ಅಂದೆ. ಗಂಡಸರು ಮೊಪೆಡ್ ಓಡಿಸುವಾಗ ಏನು ಕೇಳಿದರೂ ಆಯ್ತು ಅನ್ನುತ್ತೇವೆ.

ರತ್ನ ಊರಿಗೆಲ್ಲ ರವಿಕೆ ಹೊಲಿಯುವವಳು. ಇಪ್ಪತ್ತು ವರ್ಷದಿಂದ ಕಾಲಲ್ಲಿ ತುಳಿಯುವ ಅದೇ ಹಳೇ ಹೊಲಿಗೆ ಮಿಷನ್. ಬಟ್ಟೆಗೆ ಕತ್ತರಿ ಹಾಕಿದ ಮೇಲೆ ಮತ್ತೆ ಅಳತೆ ನೋಡುವ ಅಭ್ಯಾಸ ಅವಳಿಗಿಲ್ಲ. ಮಾತೂ ಹಾಗೆಯೇ. ಅಷ್ಟರಲ್ಲಿ ಸರೋಜ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ದಿನ ಇಟ್ಟುಬಿಟ್ಟಳು. ಕಾರು ಬಂದರೆ ಅಕ್ಕ ಹೋಗುತ್ತಾಳೆ. ಬರದಿದ್ದರೆ ತಂಗಿಯ ಹೊಸ್ತಿಲ ಪೂಜೆ ಅಕ್ಕನಿಲ್ಲದೆ ನಡೆಯುತ್ತದೆ, ಅದರ ಪಾಪ ನೇರವಾಗಿ ನನ್ನ ತಲೆಗೆ. ನನ್ನ ಕೈಯಲ್ಲಿದ್ದದ್ದು ಮೂರು ತಿಂಗಳು.

ಬಂಗಾರಪೇಟೆಯಲ್ಲಿ ಕಲಿತರೆ ಡೇರಿಯವರೆಲ್ಲ ನೋಡಿ ನಗುತ್ತಾರೆ ಅಂತ ಬಸ್ಸು ಹತ್ತಿ ಕೆಜಿಎಫ್‌ಗೆ ಹೋಗಿ, ಊರಿಗಾಂನಲ್ಲಿ ಒಂದು ಡ್ರೈವಿಂಗ್ ಸ್ಕೂಲು ಸೇರಿದೆ. ಅಲ್ಲಿ ಸೆಲ್ವಂ ಮಾಸ್ಟರ್ ಅಂತ, ಅರವತ್ತರ ಆಸುಪಾಸಿನವರು. ಸ್ಕೂಲಿನ ಮಾಲೀಕರೂ ಅವರೇ, ಮೇಷ್ಟ್ರೂ ಅವರೇ. ಸ್ಕೂಲಿಗೆ ಇದ್ದದ್ದು ಒಂದೇ ಒಂದು ಬಿಳಿ ಕಾರು. ಮಾಸ್ಟರ್ ಪ್ಯಾಂಟ್ ಹಾಕಿದ್ದನ್ನು ನಾನು ನೋಡಿಲ್ಲ. ಅಗಲವಾದ ಬಿಳಿ ಪಂಚೆ ಉಟ್ಟು, ನನ್ನ ಎಡಗಡೆ ಸೀಟಿನಲ್ಲಿ ಕೂತು, ತೊಡೆಯ ಮೇಲೆ ತಮಿಳು ಪೇಪರ್ ಹರಡಿಕೊಂಡು, “ನೀವು ಓಡ್ಸಿ ನಾರಾಯಣಪ್ಪಾ, ನಾನು ಇದ್ದೀನಿಲ್ಲ” ಅನ್ನುತ್ತಿದ್ದರು.

ಓಡಿಸಿದೆ. ಮೊದಲ ದಿನವೇ ಕಾರು ಬೆಣ್ಣೆ ಜಾರಿದ ಹಾಗೆ ಹೊರಟಿತು. ನಾಲ್ಕನೇ ದಿನಕ್ಕೆ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ಎಂಟು ಹಾಕಿದೆ. ವಾರ ಕಳೆಯುವ ಹೊತ್ತಿಗೆ ಸ್ಟೀರಿಂಗಿನ ಮೇಲೆ ಒಂದೇ ಕೈ. ಇನ್ನೊಂದು ಕೈ ಆಡಿಸಿಕೊಂಡು ಮಾಸ್ಟರಿಗೆ ಹಸುಗಳ ಕಥೆ ಹೇಳುತ್ತಿದ್ದೆ. ಕಾಲ ಹತ್ತಿರ ಮೂರು ಪೆಡಲು ಇವೆ, ಯಾವುದನ್ನು ಯಾವಾಗ ತುಳಿಯಬೇಕು ಅಂತ ಅವರು ಹೇಳಿಕೊಟ್ಟಿದ್ದರು. ನಾನು ಆಕ್ಸಿಲರೇಟರ್ ಒತ್ತುತ್ತಿದ್ದೆ, ಉಳಿದೆರಡನ್ನು ನೆನಪಾದಾಗಲೆಲ್ಲ ತುಳಿಯುತ್ತಿದ್ದೆ. ನೆನಪಾಗದಿದ್ದಾಗಲೂ ಕಾರು ಅಷ್ಟೇ ಚೆನ್ನಾಗಿ ಹೋಗುತ್ತಿತ್ತು. ಕೆಲವರಿಗೆ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ, ಏನು ಮಾಡುವುದು?

ಮಾಸ್ಟರಲ್ಲಿ ನಾನು ಕಂಡ ದೋಷ ಒಂದೇ. ಅವರ ಕಾಲು ನಿಂತ ಕಡೆ ನಿಲ್ಲುತ್ತಿರಲಿಲ್ಲ. ಪಂಚೆಯೊಳಗೆ ಎರಡು ಕಾಲೂ ಸದಾ ಆಡುತ್ತಿದ್ದವು. ಹಾಡಿನ ಹುಚ್ಚಿನವರು, ಮನಸ್ಸಿನಲ್ಲೇ ಹಾಡಿಕೊಂಡು ತಾಳ ಹಾಕುತ್ತಾರೆ ಅಂದುಕೊಂಡೆ. ದೊಡ್ಡವರ ಅಭ್ಯಾಸವನ್ನು ಕೆದಕಿ ಕೇಳುವುದು ಮರ್ಯಾದೆಯಲ್ಲ.

ಟೆಸ್ಟಿನ ದಿನವೂ ಮಾಸ್ಟರ್ ಪಕ್ಕದಲ್ಲೇ ಕೂತಿದ್ದರು. ಲೈಸೆನ್ಸ್ ಬಂತು. ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದೆ, ಆಮೇಲೆ ಹೆಸರು ಕಾಣುತ್ತಿಲ್ಲ ಅಂತ ಒರೆಸಿದೆ.

ಮರು ಭಾನುವಾರವೇ ನಾನೂ ರತ್ನಳೂ ಬಂಗಾರಪೇಟೆಯ ಹಳೇ ಕಾರು ಮಾರುವ ಅಂಗಡಿಗೆ ಹೋದೆವು. ಸಾಲಾಗಿ ನಿಂತಿದ್ದ ಕಾರು ನೋಡಿ ನನಗೆ ಹಿಗ್ಗೋ ಹಿಗ್ಗು. ಹುಡುಗನಾಗಿದ್ದಾಗ ಅಪ್ಪನ ಕೈ ಹಿಡಿದು ಮೊದಲ ಸಲ ದನದ ಸಂತೆಗೆ ಹೋದಾಗ ಆದ ಖುಷಿ ಅದೇ. ಯಾವುದನ್ನು ನೋಡಿದರೂ ಇದೇ ಇರಲಿ ಅನ್ನಿಸುತ್ತಿತ್ತು. ಆದರೆ ಖುಷಿಯನ್ನು ಮಾರುವವನ ಮುಂದೆ ತೋರಿಸಬಾರದು. ಮುಖ ಗಂಟು ಹಾಕಿಕೊಂಡು ಒಂದು ಕೆಂಪು ಕಾರಿನ ಹಿಂದೆ ಹೋಗಿ ನಿಂತು, ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಕೈ ಇಟ್ಟು ಕೇಳಿದೆ: “ಎಷ್ಟನೇ ಸೂಲು?”

ಅಂಗಡಿಯ ಬಾಬು ರತ್ನಳ ಮುಖ ನೋಡಿದ.

“ಎಷ್ಟು ಜನರ ಕೈ ಬದಲಾಗೈತೆ ಅಂತ ಕೇಳ್ತಾವ್ರೆ” ಅಂತ ರತ್ನ ಬಿಡಿಸಿ ಹೇಳಿದಳು.

“ಓ, ಮೂರನೇ ಓನರ್ ಅಣ್ಣ.”

ಮೂರನೇ ಸೂಲು, ಅಂದರೆ ಮೂರನೇ ಕರು ಹಾಕಿದ್ದು, ಒಳ್ಳೆಯದೇ, ಹಾಲು ಚೆನ್ನಾಗಿರುತ್ತದೆ. ತಲೆಯಾಡಿಸಿ ಹತ್ತಿ ಕೂತೆ. ಬಾಬು ಎಡಗಡೆ ಕೂತ, ರತ್ನ ಹಿಂದೆ. ಕೀ ತಿರುಗಿಸಿ, ಗೇರು ಹಾಕಿ, ಆಕ್ಸಿಲರೇಟರ್ ಒತ್ತಿದೆ. ಕಾರು ಒಂದು ಮಾರು ಮುಂದಕ್ಕೆ ಹಾರಿ ಸತ್ತು ಬಿತ್ತು. ಬಾಬುವಿನ ಕನ್ನಡಕ ಎಲ್ಲೋ ಹೋಯಿತು. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಅದೇ.

“ಅಣ್ಣ, ಕ್ಲಚ್ ಮೆತ್ತಗೆ ಬಿಡಿ” ಅಂದ ಬಾಬು, ಸೀಟಿನ ಕೆಳಗೆ ಕನ್ನಡಕ ಹುಡುಕುತ್ತಾ.

“ನಂಗೇ ಏಳ್ಕೊಡ್ತೀಯಾ? ಒಂದು ತಿಂಗಳು ಓಡ್ಸಿದೀನಿ ಕಣಯ್ಯ, ಒಂದು ದಿನ ಆಫ್ ಆಗಿಲ್ಲ. ಇದು ಒದೆಯೋ ಗಾಡಿ. ಬ್ಯಾಡ, ಬೇರೆ ತೋರ್ಸು.”

ನೀಲಿ ಕಾರು ಹತ್ತು ಗಜ ಹೋಗಿ ರಸ್ತೆ ಮಧ್ಯೆ ಬಸ್ಸಿಗೆ ಅಡ್ಡ ನಿಂತಿತು. ಬಸ್ಸಿನ ಡ್ರೈವರು ತಲೆ ಹೊರಗೆ ಹಾಕಿ ತೆಲುಗಿನಲ್ಲಿ ನಮ್ಮ ತಾತನವರೆಗೂ ವಿಚಾರಿಸಿಕೊಂಡ. ಬೂದು ಬಣ್ಣದ್ದು ಸ್ಟಾರ್ಟಾದ ಜಾಗ ಬಿಟ್ಟು ಕದಲಲೇ ಇಲ್ಲ. ನಾಲ್ಕನೆಯದನ್ನು ಬಾಬು ದೂರದಲ್ಲಿ ನಿಂತುಕೊಂಡೇ ತೋರಿಸಿದ, ಜೊತೆಗೆ ಹತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕಾರನ್ನೂ ನಾನು ತಿರಸ್ಕರಿಸಿದ್ದೆ.

“ಅಣ್ಣ, ನಾಲ್ಕೂ ಕೆಟ್ಟಿದಾವಾ?” ಅಂತ ಬಾಬು ಅಳುವ ಹಾಗೆ ಕೇಳಿದ. “ಬೆಳಿಗ್ಗೆ ನಾನೇ ಓಡ್ಸಿ ತಂದು ನಿಲ್ಸಿದ್ದೆ.”

“ಮಾರೋರೆಲ್ಲ ಅಂಗೇ ಏಳೋದು” ಅಂದೆ.

ಊರಿಗೆ ಬರುವಷ್ಟರಲ್ಲಿ ಸುದ್ದಿ ಹಬ್ಬಿತ್ತು: ನಾರಾಯಣಪ್ಪ ಒಂದೇ ದಿನ ನಾಲ್ಕು ಕಾರಿನ ರೋಗ ಕಂಡುಹಿಡಿದ. ಡೇರಿಯಲ್ಲಿ ಇಬ್ಬರು ತಮಗೂ ಕಾರು ನೋಡಿಕೊಡಬೇಕು ಅಂತ ಕೇಳಿಕೊಂಡರು. ನಾನು, ಆಗಲಿ ನೋಡೋಣ, ಪುರುಸೊತ್ತಾದಾಗ ಬರುತ್ತೇನೆ ಅಂದೆ.

ಮುಂದಿನ ವಾರ ಊರಿಗಾಂನ ಒಬ್ಬ ಟೀಚರಮ್ಮ ಕಾರು ಮಾರುತ್ತಾರೆ ಅಂತ ಗೊತ್ತಾಯಿತು. ರಿಟೈರಾದವರು, ಕಾರಿಗೆ ದಿನಾ ಬಟ್ಟೆ ಹಾಕಿ ಒರೆಸುವವರು. ಅವರ ಮನೆ ಹಳೇ ಗಣಿ ಕೆಲಸಗಾರರ ಲೈನಿನಲ್ಲಿ. ಸಾಲುಮನೆಗಳು, ಇಳಿಜಾರಿನ ಬೀದಿ, ಪ್ರತಿ ಮನೆ ಮುಂದೆ ನೀರು ತುಂಬಿದ ನೀಲಿ ಡ್ರಮ್ಮು. ಅಲ್ಲಿ ನೀರು ಬಿಡುವುದೇ ಅಪರೂಪಕ್ಕೆ, ಬಂದ ದಿನ ತುಂಬಿಟ್ಟುಕೊಂಡರೆ ಅದೇ ಬಂಗಾರ. ರತ್ನ ಬೀದಿಯಲ್ಲಿ ನಿಂತಳು, ನಾನು ಹತ್ತಿ ಕೂತೆ. ಈ ಸಲ ಬಾಬುವಿನ ಬುದ್ಧಿವಾದ ನೆನಪಿಟ್ಟುಕೊಂಡು ಕ್ಲಚ್ಚನ್ನು ಪೂರ್ತಿ ತುಳಿದು ಹಾಗೇ ಹಿಡಿದುಕೊಂಡೆ. ಬ್ರೇಕು ಅಂತ ಇನ್ನೊಂದಿದೆ ಅನ್ನುವುದು ಮಾತ್ರ ತಲೆಯಿಂದ ಹಾರಿಹೋಯಿತು. ಕಾರು ಸದ್ದಿಲ್ಲದೆ, ಬಹಳ ವಿನಯದಿಂದ ಹಿಂದಕ್ಕೆ ಹೊರಟಿತು.

ಮೊದಲ ಡ್ರಮ್ಮು ಅಲುಗಾಡಿತು. ಎರಡನೆಯದೂ ಮೂರನೆಯದೂ ಮಗುಚಿಕೊಂಡವು. ಒಂದು ವಾರದ ನೀರು ಬೀದಿಯುದ್ದಕ್ಕೂ ಹರಿದು ಮೋರಿ ಸೇರಿತು. “ಅಯ್ಯಯ್ಯೋ, ತಣ್ಣಿ!” ಅಂತ ಲೈನಿನ ಹೆಂಗಸರೆಲ್ಲ ಆಚೆ ಬಂದರು. ತಮಿಳಿನಲ್ಲಿ ಬೈಗುಳಕ್ಕೆ ಇಷ್ಟು ಪದ ಇವೆ ಅಂತ ನನಗೆ ಗೊತ್ತಿರಲಿಲ್ಲ, ಅರ್ಥ ಮಾತ್ರ ಒಂದೂ ಬಿಡದೆ ಆಯಿತು. ರತ್ನ ಯಾರಿಗೂ ಎದುರು ಮಾತಾಡದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಬಿಂದಿಗೆ ಇಸಿದುಕೊಂಡಳು. ಒಂದನ್ನು ನನ್ನ ಕೈಗೆ ಕೊಟ್ಟಳು. ಸಂಜೆವರೆಗೆ ಇಬ್ಬರೂ ಕೆಳಗಿನ ಬೀದಿಯ ಬೋರಿನಿಂದ ನೀರು ಹೊತ್ತು ಎರಡು ಡ್ರಮ್ಮು ತುಂಬಿಸಿದೆವು. ಹೊರಡುವಾಗ ಟೀಚರಮ್ಮನಿಗೆ ಗಂಭೀರವಾಗಿ ಹೇಳಿದೆ: “ಹಿಂದಕ್ಕೆ ಸರಿಯೋ ಚಾಳಿ ಐತೆ ಮೇಡಂ ನಿಮ್ಮ ಕಾರಿಗೆ. ನಮಗೆ ಬೇಡ.” ಟೀಚರಮ್ಮ ಕೈ ಮುಗಿದರು.

ಒದ್ದೆ ಪ್ಯಾಂಟಿನಲ್ಲಿ ಬಸ್ ಸ್ಟಾಪಿಗೆ ನಡೆಯುತ್ತಿದ್ದಾಗ ದಾರಿಯಲ್ಲಿ ಮಾಸ್ಟರ ಬಿಳಿ ಕಾರು ನಿಂತಿತ್ತು. ಅದನ್ನು ನೋಡಿದ ಕೂಡಲೇ ನನಗೆ ತಲೆಯಲ್ಲಿ ದೀಪ ಹತ್ತಿತು. ಬೀದಿಯಲ್ಲೇ ನಿಂತುಬಿಟ್ಟೆ.

“ರತ್ನಾ, ನಮ್ಮ ಗೌರಿ ನಿನ್ನ ಕೈಗೆ ಹಾಲು ಕೊಡ್ತದಾ?”

“ಇಲ್ಲ. ನಿಮ್ಮ ಕೈಗೇ ಕೊಡೋದು. ಯಾಕೀಗ?”

“ಯಾಕೆ ಕೊಡಲ್ಲ? ನನ್ನ ಕೈಗೆ ಒಗ್ಗೈತೆ. ಹಸುಗೆ ಕೈ ಒಗ್ಗಬೇಕು ಕಣೇ. ಕಾರಿಗೂ ಅಷ್ಟೇ. ಆ ಐದು ಕಾರಲ್ಲೂ ತಪ್ಪಿಲ್ಲ, ಅವು ಬೇರೆಯವರ ಕೈಗೆ ಒಗ್ಗಿದವು. ನನ್ನ ಕೈಗೆ ಒಗ್ಗಿರೋ ಕಾರು ಈ ಪ್ರಪಂಚದಾಗೆ ಒಂದೇ. ಅಗೋ ಅಲ್ಲಿ ನಿಂತೈತೆ.”

ರತ್ನ ಆ ಕಾರನ್ನೂ ನನ್ನನ್ನೂ ಎರಡೆರಡು ಸಲ ನೋಡಿದಳು. “ಕಾರಿಗೆ ಕೈಯೇನು ಗೊತ್ತಾಗ್ತದೆ?” ಅಂದಳು. ಹೊಲಿಗೆಯವರಿಗೆ ಪಶುಸಂಗೋಪನೆ ಅರ್ಥವಾಗುವುದಿಲ್ಲ ಅಂತ ಕಾರಿನ ಕಡೆ ನಡೆದೆ.

ಸೆಲ್ವಂ ಮಾಸ್ಟರ್ ಹೇಗೂ ಸ್ಕೂಲಿಗೆ ಹೊಸ ಕಾರು ನೋಡುತ್ತಿದ್ದರು. ನಾನು ಕೇಳಿದ ತಕ್ಷಣ ಪೇಪರ್ ಮಡಿಸಿಟ್ಟು ನನ್ನ ಮುಖವನ್ನೇ ನೋಡಿದರು. “ನಿಜವಾ ನಾರಾಯಣಪ್ಪಾ? ಈ ಕಾರಾ? ನೀವಾ?” ಅಂತ ಮೂರು ಸಲ ಕೇಳಿದರು. ನಾನು ನಮ್ಮ ಪದ್ಧತಿ ಹೇಳಿದೆ. ಹಸುವನ್ನು ಮೂರು ಹೊತ್ತು ಹಾಲು ಕರೆದು ನೋಡಿ ತಗೊಳ್ಳುವುದು ನಮ್ಮಲ್ಲಿ ರೂಢಿ. ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ. ಕಾರನ್ನೂ ಹಾಗೆಯೇ ನೋಡುತ್ತೇನೆ. ಮಾಸ್ಟರ್ ಎದ್ದು ಪಂಚೆ ಸರಿಮಾಡಿಕೊಂಡು ಎಡಗಡೆ ಹತ್ತಿ ಕೂತರು.

ಮೂರು ಹೊತ್ತೂ ಕಾರು ಬಂಗಾರದಂತೆ ಓಡಿತು. ಮೂರನೇ ಹೊತ್ತಿಗೆ ರತ್ನ ಹಿಂದೆ ಕೂತಿದ್ದಳು. ಟೀಚರಮ್ಮನ ಇಳಿಜಾರಿನಲ್ಲೇ ಬೇಕಂತಲೇ ಏರಿಸಿದೆ. ಡ್ರಮ್ಮಿನ ಹೆಂಗಸರು ನನ್ನನ್ನು ಕಂಡು ಮಕ್ಕಳನ್ನೂ ಬಿಂದಿಗೆಗಳನ್ನೂ ಒಳಗೆ ಎಳೆದುಕೊಂಡರು. ಕಾರು ಒಂದಿಂಚು ಹಿಂದೆ ಸರಿಯಲಿಲ್ಲ. ಖುಷಿಗೆ ನನ್ನ ಕಣ್ಣಲ್ಲಿ ನೀರು ಬಂತು.

ರತ್ನ ಮುಂದಕ್ಕೆ ಬಾಗಿ ನನ್ನ ಕಿವಿಯಲ್ಲಿ ಕೇಳಿದಳು. “ಮಾಸ್ಟರ್ ಕಾಲು ಯಾಕೆ ಅಂಗೆ ಆಡ್ತವೆ?”

“ಹಾಡು ಕೇಳ್ತಾ ಅವ್ರೆ ಕಣೇ.”

“ಹಾಡು ಎಲ್ಲಿ ಹಾಕವ್ರೆ?”

“ಮನಸ್ಸಲ್ಲಿ.”

ಅವಳು ಹಿಂದಕ್ಕೆ ಒರಗಿಕೊಂಡು ಏನೋ ಯೋಚನೆ ಮಾಡುತ್ತಾ ಕೂತಳು.

ವ್ಯಾಪಾರ ಮುಗಿಯಿತು. ಮಾಸ್ಟರ್ ಸ್ವಲ್ಪ ಸಂಕೋಚದಿಂದ, “ಕೊಡೋ ಮುಂಚೆ ಸ್ಕೂಲು ಬೋರ್ಡ್ ತೆಗೀಬೇಕು. ಇನ್ನೊಂದೆರಡು ನಮ್ಮ ಸ್ಕೂಲ್ ಸಾಮಾನು ಬಿಚ್ಕೋಬೇಕು, ಹೊಸ ಕಾರಿಗೆ ಹಾಕೋಕೆ. ಅದಿಲ್ದೆ ನಿಮಗೆ...” ಅಂತ ಶುರುಮಾಡಿದರು. ನಾನು ಮಾತು ಮುಗಿಸಲು ಬಿಡಲಿಲ್ಲ. ಹಸು ಮಾರಿದವರು ಅದರ ಹಗ್ಗ ಕೊಡುವುದಿಲ್ಲ, ಹಗ್ಗದ ಜೊತೆ ಕೊಟ್ಟಿಗೆಯ ಲಕ್ಷ್ಮಿ ಹೋಗುತ್ತಾಳೆ ಅಂತ ನಮ್ಮ ಕಡೆ ನಂಬಿಕೆ. “ನಿಮ್ಮ ಹಗ್ಗ ನೀವೇ ಇಟ್ಕೊಳ್ಳಿ ಮಾಸ್ಟರ್. ನಾನು ಅಂಥ ಸಣ್ಣ ಮನುಷ್ಯ ಅಲ್ಲ” ಅಂದೆ.

ಗೃಹಪ್ರವೇಶಕ್ಕೆ ಆರು ದಿನ ಇರುವಾಗ ಮಾಸ್ಟರೇ ಕಾರು ಓಡಿಸಿಕೊಂಡು ಬಂದು ನಮ್ಮ ಮನೆ ಮುಂದೆ ಬಿಟ್ಟು, ಬಸ್ಸು ಹತ್ತಿ ಹೋದರು. ಇಡೀ ಬೀದಿ ಸೇರಿತು. ರತ್ನ ಆರತಿ ಎತ್ತಿದಳು. ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು ಇಟ್ಟೆವು. ಹೊಸ ಗಾಡಿ ಅಂದ ಮೇಲೆ ನಿಂಬೆಹಣ್ಣಿನ ಮೇಲೆ ಹತ್ತಿಸಿಯೇ ಹೊರಡಿಸಬೇಕು. ನಾನು ಬಿಳಿ ಶರಟು ಹಾಕಿಕೊಂಡು ಒಳಗೆ ಕೂತು, ಎಲ್ಲರ ಕಡೆ ನೋಡಿ ಕೈ ಬೀಸಿ, ಗೇರು ಹಾಕಿದೆ.

ಕಾರು ಕೆಮ್ಮಿತು. ನಿಂತಿತು. ನಿಂಬೆಹಣ್ಣಿಗೆ ಏನೂ ಆಗಲಿಲ್ಲ.

ಎರಡನೇ ಸಲ ನಿಂಬೆಹಣ್ಣಿಗೆ ಮುತ್ತಿಕ್ಕಿ ನಿಂತಿತು. ಹತ್ತನೇ ಸಲಕ್ಕೆ ಮಕ್ಕಳು ಜೋರಾಗಿ ಎಣಿಸುತ್ತಿದ್ದರು. ಹನ್ನೊಂದನೇ ಸಲಕ್ಕೆ ಬೀದಿಯವರೆಲ್ಲ ಸೇರಿ ಹಿಂದಿನಿಂದ ತಳ್ಳಿ ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿದರು. ಶಾಸ್ತ್ರ ಆಯಿತು.

ಹಸು ಜಾಗ ಬದಲಾದರೆ ಎರಡು ದಿನ ಹಾಲು ಕೊಡುವುದಿಲ್ಲ, ಹೊಸ ಮನೆಗೆ ಹೊಂದಿಕೊಳ್ಳಬೇಕು ಅಂತ ನಾನೇ ಎಲ್ಲರಿಗೂ ಸಮಾಧಾನ ಹೇಳಿದೆ. ತಳ್ಳಿಸಿಕೊಂಡೇ ಕೊಟ್ಟಿಗೆ ಪಕ್ಕದ ನೆರಳಿಗೆ ತಂದು ನಿಲ್ಲಿಸಿದೆ. ಗೌರಿ ಬಾನೆಟ್ಟು ನೆಕ್ಕಿ ನೋಡಿತು, ಅದಕ್ಕೂ ಪರವಾಗಿಲ್ಲ ಅನ್ನಿಸಿತು. ಎರಡು ದಿನ ಬಿಟ್ಟು ಮತ್ತೆ ಕೂತೆ. ಮತ್ತೆ ಅದೇ ಕೆಮ್ಮು. ರತ್ನ ಮಿಷನ್ ಮೇಲಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಗೃಹಪ್ರವೇಶಕ್ಕೆ ಅಂತ ಅವಳು ಹೊಲಿದುಕೊಂಡಿದ್ದ ಹೊಸ ರವಿಕೆ ಕೈಯಲ್ಲೇ ಇತ್ತು. ಅದನ್ನು ಮಡಿಸಿ ಒಳಗಿಟ್ಟಳು. ಅವಳು ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ನಾನು ಕೊಟ್ಟಿಗೆ ಹಿಂದೆ ಹೋಗಿ ಮಾಸ್ಟರಿಗೆ ಫೋನು ಮಾಡಿದೆ.

“ಮಾಸ್ಟರ್, ಕಾರು ನಿಮ್ಮನ್ನ ನೆನೆಸ್ಕೊಂಡು ಕೊರಗ್ತಾ ಐತೆ. ಒಂದ್ಸಲ ಬಂದು ಮೈದಡವಿ ಓಗಿ.”

ಮಾರನೇ ದಿನ ಮಾಸ್ಟರ್ ಬಂದರು. ಎಡಗಾಲು ಸ್ವಲ್ಪ ಕುಂಟುತ್ತಿದ್ದರು. ಕಾರಿನ ಎಡಗಡೆ ಬಾಗಿಲು ತೆಗೆದು, ಕೂರುವ ಸೀಟಿನ ಮುಂದೆ ಕೆಳಗಡೆ ಇದ್ದ ಎರಡು ತೂತು ತೋರಿಸಿದರು.

“ಇಲ್ಲಿ ಒಂದು ಕ್ಲಚ್ಚು, ಒಂದು ಬ್ರೇಕು ಇತ್ತು ನಾರಾಯಣಪ್ಪಾ. ಕಲಿಸೋರ ಕಾರಲ್ಲಿ ಇರುತ್ತೆ. ಅದೇ ನಮ್ಮ ಸ್ಕೂಲ್ ಸಾಮಾನು. ಹೇಳೋಕೆ ಬಂದೆ, ನೀವು ಹಗ್ಗ ಇಟ್ಕೊಳ್ಳಿ ಅಂದ್ರಿ.”

ನನಗೆ ಇನ್ನೂ ಪೂರ್ತಿ ಇಳಿಯಲಿಲ್ಲ. “ಅದನ್ನ ನೀವು ತುಳೀತಿದ್ರಾ?”

“ಒಂದು ತಿಂಗಳು ಕಾರು ಓಡಿಸಿದ್ದು ನಾನು. ನೀವು ಸ್ಟೀರಿಂಗ್ ಹಿಡ್ಕೊಂಡು ಹಸು ಕಥೆ ಹೇಳಿದ್ರಿ. ಬಿಟ್ಟುಬಿಟ್ಟು ನೋಡೋಣ ಅಂತ ದಿನಾ ಅಂದ್ಕೊಳ್ತಿದ್ದೆ, ನಿಮ್ಮ ಮುಖದ ಸಂತೋಷ ನೋಡಿದ್ರೆ ಕಾಲು ತೆಗೆಯೋಕೆ ಮನಸ್ಸು ಬರ್ತಿರ್ಲಿಲ್ಲ. ನನ್ನ ಮೊಣಕಾಲು ಇನ್ನೂ ನೋವು.”

“ಅಂದ್ರೆ ಹಾಡು?”

“ಯಾವ ಹಾಡು?”

ಹಿಂದೆ ರತ್ನ ನಕ್ಕ ಸದ್ದು ಕೇಳಿತು. ಸೆರಗು ಬಾಯಿಗೆ ಒತ್ತಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಬಾಬುವಿನ ನಾಲ್ಕು ಕಾರು, ಟೀಚರಮ್ಮನ ಕಾರು, ಎಲ್ಲವೂ ಒಂದೊಂದಾಗಿ ನನ್ನ ಮುಂದೆ ಬಂದು ನಿಂತು ನ್ಯಾಯ ಕೇಳಿದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಅವಮಾನಕ್ಕಿಂತ ಗೃಹಪ್ರವೇಶ ದೊಡ್ಡದು, ಅದಕ್ಕೆ ಉಳಿದಿದ್ದು ಮೂರೇ ದಿನ. ಮೂರು ದಿನದಲ್ಲಿ ಬೇರೆ ಕಾರೂ ಇಲ್ಲ, ನನಗೆ ವಿದ್ಯೆಯೂ ಬರುವುದಿಲ್ಲ.

ರತ್ನ ಕಣ್ಣೊರೆಸಿಕೊಂಡು ಮುಂದೆ ಬಂದಳು. “ಮಾಸ್ಟರ್, ಆ ಪೆಡಲು ಎಲ್ಲಿ ಅವೆ?”

“ಮನೇಲಿ ಅವೆಯಮ್ಮಾ. ಹೊಸ ಕಾರು ಬರೋದು ಮುಂದಿನ ತಿಂಗಳು.”

“ಅಲ್ಲೀವರ್ಗೂ ವಾಪಸ್ ಜೋಡ್ಸಿ. ಎಡಗಡೆ ನಾನು ಕೂತ್ಕೋತೀನಿ.”

ಮಾಸ್ಟರ್ ಪೆಡಲು ತಂದು ಜೋಡಿಸಿ, ಅವಳನ್ನು ಬೇಲಿ ಪಕ್ಕದ ಬಯಲಿನಲ್ಲಿ ಎರಡು ದಿನ ಕೂರಿಸಿ ಕಲಿಸಿದರು. ಇಪ್ಪತ್ತು ವರ್ಷ ಹೊಲಿಗೆ ಮಿಷನ್ ತುಳಿದ ಕಾಲು. ಎಲ್ಲಿ ಒತ್ತಬೇಕು, ಎಲ್ಲಿ ಕೂದಲೆಳೆಯಷ್ಟು ಬಿಡಬೇಕು ಅಂತ ಆ ಕಾಲಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು “ಹೂಂ” ಅಂದರೆ ನಾನು ಗೇರು ಹಾಕಬೇಕು. “ಊಹೂಂ” ಅಂದರೆ ಕೈ ತೆಗೆಯಬೇಕು. ಮದುವೆಯಾದಾಗಿನಿಂದ ಮನೆ ನಡೆದದ್ದೂ ಹೀಗೆಯೇ, ಹಾಗಾಗಿ ನನಗೂ ಬೇಗ ಅಭ್ಯಾಸವಾಯಿತು. ಇವಳಿಗೆ ಲೈಸೆನ್ಸ್ ಇಲ್ಲವಲ್ಲ ಮಾಸ್ಟರ್ ಅಂದೆ. “ನಾನು ಹಿಂದೆ ಕೂತ್ಕೊಳ್ತೀನಿ. ಊಟಕ್ಕೂ ಆಯ್ತು” ಅಂದರು ಅವರು. ಇದು ಕಾನೂನಿನ ಯಾವ ಪುಟದಲ್ಲೂ ಇಲ್ಲ ಅಂತ ಗೊತ್ತು, ಯಾರೂ ಹೀಗೆ ಮಾಡಬೇಡಿ.

ಗೃಹಪ್ರವೇಶದ ದಿನ ಹೊತ್ತು ಮೂಡುತ್ತಲೇ ಹೊರಟೆವು. ಬಂಗಾರಪೇಟೆ ಬಂತು. ಬಾಬುವಿನ ಅಂಗಡಿ ಮುಂದೆ ಹಾರನ್ ಹೊಡೆದೆ. ಅವನು ನನ್ನ ಮುಖ ಕಂಡದ್ದೇ ಓಡಿ ಒಳಗೆ ಹೋದ. ಕೆಜಿಎಫ್ ದಾಟಿದೆವು. ಹೊಸ ರವಿಕೆ, ರೇಷ್ಮೆ ಸೀರೆ, ತೊಡೆಯ ಮೇಲೆ ಪೂಜೆ ತಟ್ಟೆ, ಸೀರೆಯ ನೆರಿಗೆಯ ಒಳಗೆ ಕ್ಲಚ್ಚು ಬ್ರೇಕು: ರತ್ನ ರಾಣಿಯ ಹಾಗೆ ಕೂತಿದ್ದಳು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಸೀಟಿನಲ್ಲಿ ಸೆಲ್ವಂ ಮಾಸ್ಟರ ಕಾಲು ಪಂಚೆಯೊಳಗೆ ತನ್ನ ಪಾಡಿಗೆ ತಾನು ಆಡುತ್ತಿತ್ತು. ಅಲ್ಲಿ ತುಳಿಯಲು ಏನೂ ಇರಲಿಲ್ಲ, ಪಾಪ.

ಮಾವಿನ ತೋರಣ ಕಟ್ಟಿದ್ದ ಬಾಗಿಲ ಮುಂದೆ ಕಾರು ಒಂದು ಚೂರೂ ಅಲುಗದೆ ನಿಂತಿತು. ಸರೋಜ ಓಡಿ ಬಂದಳು. ರತ್ನ ತಟ್ಟೆ ಹಿಡಿದು ನಿಧಾನವಾಗಿ ಇಳಿದು, ಬಲಗಾಲು ನೆಲಕ್ಕಿಟ್ಟಳು. ಅಕ್ಕ ತಂಗಿ ಇಬ್ಬರೂ ಕೈ ಹಿಡಿದುಕೊಂಡು ನಿಂತರು. ಇಷ್ಟಕ್ಕೇ ತಾನೇ ನಾನು ಬಿಂದಿಗೆ ಹೊತ್ತಿದ್ದು.

“ಅಣ್ಣ, ಏನ್ ನಯವಾಗಿ ನಿಲ್ಸಿದ್ರಿ” ಅಂದ ಮಂಜುನಾಥ. “ನನ್ ಕೈಲಿ ಆಗಲ್ಲ ಇದು.”

“ಅಭ್ಯಾಸ ಕಣಪ್ಪ” ಅಂದೆ.

ಅಷ್ಟಕ್ಕೆ ಮುಗಿದಿದ್ದರೆ ಬದುಕುತ್ತಿದ್ದೆ. ಅರ್ಧ ಗಂಟೆ ಬಿಟ್ಟು ಅಡುಗೆ ಸಾಮಾನಿನ ಟೆಂಪೋ ಬಂತು. “ಅಣ್ಣ, ಗಾಡಿ ಒಂದತ್ತಡಿ ಮುಂದಕ್ಕೆ ಆಕ್ಬಿಡಿ” ಅಂದ ಮಂಜುನಾಥ. ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ಮಾಸ್ಟರನ್ನು ಕರೆದರೆ ಗುಟ್ಟು ರಟ್ಟಾಗುತ್ತದೆ. ನಾನು ನೇರವಾಗಿ ಹೋಮದ ಹತ್ತಿರ ಹೋಗಿ, “ರತ್ನಾ, ಒಂದ್ನಿಮಿಷ ಬಾರೇ” ಅಂದೆ. ಅವಳು ಅಕ್ಷತೆ ಕೈಯಲ್ಲೇ ಎದ್ದು ಬಂದು ಎಡಗಡೆ ಕೂತಳು, ಹತ್ತಡಿ ಹೋದೆವು, ಇಳಿದು ಮತ್ತೆ ಹೋಮಕ್ಕೆ ಹೋದಳು. ಆಮೇಲೆ ಹೂವಿನ ಗಾಡಿ ಬಂತು. ಮತ್ತೆ ಕರೆದೆ. ನೀರಿನ ಟ್ಯಾಂಕರ್ ಬಂತು. ಮತ್ತೆ ಕರೆದೆ.

ನೆಂಟರ ಹೆಂಗಸರೆಲ್ಲ ಮಾತಾಡಿಕೊಳ್ಳಲು ಶುರುಮಾಡಿದರು. “ನೋಡ್ರೇ, ಎಂಡ್ತೀನ ಬಿಟ್ಟು ಅತ್ತಡಿ ಕೂಡ ಕಾರು ಓಡ್ಸಲ್ಲ. ಇಂಗಿರ್ಬೇಕು ಗಂಡ ಅಂದ್ರೆ.” ಸರೋಜ ಮಂಜುನಾಥನನ್ನು ತಿವಿದು, “ಭಾವನ್ನ ನೋಡಿ ಕಲೀರಿ” ಅಂದಳು. ಮಂಜುನಾಥ ನನ್ನನ್ನು ನೋಡಿದ ನೋಟದಲ್ಲಿ ಗೌರವ ಇತ್ತು. ನಾನು ತಲೆ ತಗ್ಗಿಸಿ ಪ್ರೀತಿಯ ಗಂಡನ ಹಾಗೆ ನಿಂತೆ.

ಊಟ ಆದ ಮೇಲೆ ಎಲ್ಲರೂ ಕೆರೆ ಕಡೆಯ ದೇವಸ್ಥಾನಕ್ಕೆ ಹೊರಟರು. ಮಂಜುನಾಥನ ಕಾರು ಈ ಸಲವೂ ತುಂಬಿತು. ಅವನ ತಾಯಿಯೇ ಜಾಗವಿಲ್ಲದೆ ತಟ್ಟೆ ಹಿಡಿದು ನಿಂತಿದ್ದರು. ರತ್ನ ನನ್ನ ಪಕ್ಕದಲ್ಲಿ ಗಾಜು ಇಳಿಸಿದಳು. ಇನ್ನೇನು ಮಂಜುನಾಥನಿಗೆ ಚುಚ್ಚುತ್ತಾಳೆ ಅಂದುಕೊಂಡೆ. “ಅಮ್ಮ, ಬನ್ನಿ, ನಮ್ಮ ಕಾರಾಗೆ ಸೀಟೈತೆ” ಅಂದಳು. ಅಷ್ಟೇ ಅಂದಳು. ಮಂಜುನಾಥ ಅದನ್ನು ಕೇಳಿಸಿಕೊಂಡು ಬೇರೆ ಕಡೆ ನೋಡಿದ. ನನ್ನ ಹೆಂಡತಿ ನನಗಿಂತ ಎಷ್ಟು ದೊಡ್ಡವಳು ಅಂತ ನನಗೆ ಆವತ್ತು ಗೊತ್ತಾಯಿತು.

ಇದೆಲ್ಲ ಆಗಿ ನಾಲ್ಕು ತಿಂಗಳಾಯಿತು. ರತ್ನ ಮಾಸ್ಟರ ಹೊಸ ಕಾರಿನಲ್ಲಿ ಕ್ರಮವಾಗಿ ಕಲಿತು ಲೈಸೆನ್ಸ್ ತಗೊಂಡಳು. ಹೊಸ ಕಾರಿಗೆ ಮಾಸ್ಟರ್ ಬೇರೆ ಪೆಡಲು ಹಾಕಿಸಿಕೊಂಡರು, ನಮ್ಮದು ನಮಗೇ ಉಳಿಯಿತು. ಈಗ ಅವಳು ಬಲಗಡೆ ಕೂತು ಓಡಿಸುತ್ತಾಳೆ, ನಾನು ಎಡಗಡೆ. ನನಗೇನೂ ಬೇಸರವಿಲ್ಲ. ಯಾಕೆಂದರೆ ಕ್ಲಚ್ಚು ಬ್ರೇಕು ನನ್ನ ಕಾಲ ಕೆಳಗೇ ಇವೆಯಲ್ಲ. ಅವಳು ಸ್ಟೀರಿಂಗ್ ಹಿಡಿದಿರಬಹುದು, ನಿಲ್ಲಿಸುವವನು ನಾನು. ಡೇರಿಯಲ್ಲೂ ಹಾಗೆಯೇ ಹೇಳಿಕೊಂಡಿದ್ದೇನೆ.

ನಿನ್ನೆ ಬಂಗಾರಪೇಟೆ ಮಾರ್ಕೆಟ್ಟಿನ ಹತ್ತಿರ ಒಂದು ಹಸು ಅಡ್ಡ ಬಂತು. ನಾನು ಎರಡು ಕಾಲೂ ಸೇರಿಸಿ ಬಲವಾಗಿ ತುಳಿದೆ. ಕಾರು ಚಕ್ಕನೆ, ಅಂದವಾಗಿ ನಿಂತಿತು.

“ನೋಡ್ದಾ? ನಾನು ತುಳೀದೆ ಇದ್ರೆ ಏನಾಗ್ತಿತ್ತು?” ಅಂದೆ.

ರತ್ನ ಹಸು ದಾಟುವವರೆಗೆ ಕಾದು, ಗೇರು ಹಾಕಿದಳು.

“ಹೋದ ವಾರಾನೇ ಪೆಡಲು ಬಿಚ್ಚಿಸ್ದೆ. ಎಂಟು ದಿನದಿಂದ ನೀವು ತುಳೀತಿರೋದು ಬರೀ ಮ್ಯಾಟು” ಅಂದಳು. “ಸುಮ್ಕೆ ಹಾಡು ಕೇಳ್ಕೊಂಡು ಕೂತ್ಕೊಳ್ಳಿ.”

ಬಗ್ಗಿ ನೋಡಿದೆ. ಮ್ಯಾಟು ಎರಡು ಕಡೆ ಚೆನ್ನಾಗಿ ಸವೆದಿತ್ತು.